ಜಂಟಿ ಸೈಟಿನಲ್ಲಿ ಅಣ್ಣ ಒಬ್ಬರೇ ಮನೆ ಕಟ್ಟುತ್ತಿದ್ದಾರೆ, ತಂಗಿ ತಡೆಯಬಹುದಾ?

ತಡೆಯಬಹುದು. ಆದರೆ ತಡ ಮಾಡಬೇಡಿ.

ಅಪ್ಪ ವಿಲ್ ಬರೆಯದೆ ತೀರಿಕೊಂಡರು, ಖಾತೆ ಅಣ್ಣನ ಹೆಸರಿಗಾಗಿದೆ, ಈಗ ಪಾಯ ತೆಗೆಸುತ್ತಿದ್ದಾರೆ, ಕೇಳಿದರೆ "ಮದುವೆ ಆಗಿ ಹೋದವಳಿಗೆ ಎಂಥಾ ಪಾಲು" ಅಂತಾರೆ ಎಂದು ಬರೆದಿದ್ದೀರಿ. ನನ್ನ ಕಥೆಯನ್ನೇ ಓದಿದ ಹಾಗಾಯ್ತು.

ನಿಮ್ಮದು ಹಿಂದೂ ಕುಟುಂಬ ಎಂದುಕೊಂಡು ಹೇಳುತ್ತೇನೆ. ಸೈಟು ಅಪ್ಪನ ಸ್ವಂತ ದುಡಿಮೆಯದಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ಅಣ್ಣ, ನೀವು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತವಾದರೆ ಅದೇ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ಮದುವೆಗೂ ಇದಕ್ಕೂ ಸಂಬಂಧವೇ ಇಲ್ಲ. ಖಾತೆ ಇರುವುದು ಕಂದಾಯ ಕಟ್ಟೋದಕ್ಕೆ, ಅದರಿಂದ ಯಾರೂ ಮಾಲೀಕರಾಗಲ್ಲ. ಪಾಲಾಗುವವರೆಗೆ ಪ್ರತಿ ಇಂಚೂ ಎಲ್ಲರದು.

ನಮ್ಮದು 40×60 ಸೈಟು. ರಸ್ತೆ ಕಡೆಗೆ ಸುಣ್ಣದ ಗೆರೆ ಎಳೆಸಿದ ದಿನ ನಾನು ಅಲ್ಲೇ ಇದ್ದೆ. ಗುದ್ದಲಿ ಪೂಜೆಯ ತೆಂಗಿನಕಾಯಿ ಹೋಳು ಕೈಯಲ್ಲಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಣ್ಣಲ್ಲೇ ಬೇಡ ಅಂದರು. ಸುಮ್ಮನಾದೆ. ಕೋರ್ಟಿಗೆ ಹೋಗುವ ಹೊತ್ತಿಗೆ ಎರಡನೇ ಮೋಲ್ಡ್ ಕೂಡ ಆಗಿತ್ತು. ಪಾಲೇನೋ ಸಿಕ್ಕಿತು, ಆದರೆ ಮನೆ ಇದ್ದ ಮುಂಭಾಗ ಅಣ್ಣನಿಗೆ, ಹಿಂದಿನ ಜಾಗ ಮತ್ತು ಒಂದು ಓಣಿ ನನಗೆ. ಎದ್ದು ನಿಂತ ಮನೆಯನ್ನು ಒಡೆಸೋಕೆ ಕೋರ್ಟು ಸುಲಭಕ್ಕೆ ಒಪ್ಪಲ್ಲ. ಆದಷ್ಟೂ ಕಟ್ಟಿದವರ ಪಾಲಿಗೇ ಆ ಭಾಗ ಬರುವಂತೆ ನೋಡುತ್ತದೆ.

ಹಾಗಾಗಿ ಪಾಲಿನ ದಾವೆ ಹಾಕಿ, ಅದರ ಜೊತೆಗೇ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 39ರ ಕೆಳಗೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಈ ಸೈಟೊಂದನ್ನೇ ಹಾಕಬೇಡಿ. ಮನೆತನದ ಬೇರೆ ಜಮೀನಿದ್ದರೆ ಅದನ್ನೂ ಸೇರಿಸಿ. ಅಮ್ಮನೂ ಪಾಲುದಾರರು, ಅವರನ್ನು ಬಿಟ್ಟರೆ ದಾವೆಗೆ ತೊಡಕಾಗುತ್ತದೆ. ನನಗೆ ಜಾಸ್ತಿ ಕಷ್ಟವಾಗಿದ್ದು ಅಮ್ಮನ ಹೆಸರನ್ನು ಪ್ರತಿವಾದಿ ಅಂತ ಬರೆಸಿದ್ದೇ. ಅದು ಕೋರ್ಟಿನ ಕ್ರಮ ಅಷ್ಟೇ ಅಂತ ಮೊದಲೇ ಅವರ ಪಕ್ಕ ಕೂತು ಬಿಡಿಸಿ ಹೇಳಿ.

ಕೋರ್ಟು ತಡೆಯಾಜ್ಞೆ ಕೊಡದೆ, "ಕಟ್ಟಿಕೊಳ್ಳಲಿ, ಆದರೆ ಅದನ್ನೇ ನೆಪ ಮಾಡಿ ಮುಂದೆ ಹಕ್ಕು ಕೇಳುವಂತಿಲ್ಲ" ಅನ್ನೋ ಷರತ್ತು ಹಾಕುವುದೂ ಉಂಟು. ಅಷ್ಟು ಸಿಕ್ಕರೂ ಬಿಡಬೇಡಿ, ಆ ಸಾಲು ಪಾಲು ಹಾಕುವಾಗ ನಿಮ್ಮ ಕೈ ಹಿಡಿಯುತ್ತದೆ.

ಇವತ್ತೇ ಹೋಗಿ ಪಾಯ ಎಲ್ಲಿಯವರೆಗೆ ಬಂದಿದೆ ಅಂತ ಫೋಟೋ ತೆಗೆದಿಡಿ. ನಾಳೆ ಬೆಳಿಗ್ಗೆ ವಕೀಲರ ಹತ್ತಿರ ಹೋಗಿ.