ಟೆರೇಸಿಗೆ ಬಿಸಿಲು ಬೀಳದ ಮನೆಗೆ ಹೀಟ್ ಪಂಪ್ ಹಾಕಿಸಬಹುದೇ?

ಬೆಂಗಳೂರಿನಲ್ಲಿ ಸ್ವಂತ ಮನೆ, ಆರು ಜನ, ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತು ಎದ್ದ ಮೇಲೆ ಟೆರೇಸಿನ ಸೋಲಾರ್‌ಗೆ ಬಿಸಿಲೇ ಸಿಗುತ್ತಿಲ್ಲ ಅಂತ ಬರೆದಿದ್ದೀರಿ. ಹೀಟ್ ಪಂಪ್ ಹಾಕಿಸಿದರೆ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಬರುತ್ತದೆ ಅನ್ನುವ ಅಂಗಡಿಯವರ ಮಾತನ್ನು ನಂಬಬಹುದೇ ಅಂತಲೂ ಕೇಳಿದ್ದೀರಿ. ನಮ್ಮ ಮನೆಯ ಕಥೆಯೂ ಹೆಚ್ಚುಕಮ್ಮಿ ಇದೇ. ನಾಲ್ಕು ವರ್ಷದಿಂದ 200 ಲೀಟರಿನ ಹೀಟ್ ಪಂಪ್ ಬಳಸುತ್ತಿದ್ದೇನೆ. ಅವರು ಹೇಳಿದ್ದು ನಿಜ. ಆದರೆ ಯಂತ್ರವನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಆ ಮೂರು ಎರಡಕ್ಕೆ ಇಳಿಯುತ್ತದೆ. ನಮಗೆ ಮೊದಲ ಎರಡು ತಿಂಗಳು ಆದದ್ದು ಅದೇ.

ಮೊದಲು ಆ ಮೂರು ಎಲ್ಲಿಂದ ಬರುತ್ತದೆ ಅನ್ನುವುದು. ಗೀಸರ್ ಕರೆಂಟನ್ನೇ ಶಾಖ ಮಾಡುತ್ತದೆ, ಒಂದು ಕೊಟ್ಟರೆ ಒಂದು, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಹೀಟ್ ಪಂಪ್ ಶಾಖವನ್ನು ತಯಾರಿಸುವುದೇ ಇಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಹೊತ್ತು ತಂದು ನೀರಿಗೆ ಹಾಕುತ್ತದೆ. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಬೆಚ್ಚಗಿರುತ್ತದಲ್ಲ, ಒಳಗಿನ ಶಾಖ ಅಲ್ಲಿಗೆ ಬಂದಿರುತ್ತದೆ. ಇಲ್ಲಿ ಅದೇ ಕೆಲಸ ತಿರುವುಮುರುವಾಗಿ ನಡೆಯುತ್ತದೆ. ಕೊಳವೆಯಲ್ಲಿರುವ ಶೀತಕ ಗಾಳಿಯ ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಒತ್ತಿದಾಗ ಆ ಆವಿ ಕಾದು, ಟ್ಯಾಂಕಿನ ಸುತ್ತ ಸುತ್ತಿದ ಕೊಳವೆಯಲ್ಲಿ ಶಾಖವನ್ನು ನೀರಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ನೀವು ಕರೆಂಟ್ ಬಿಲ್ಲು ಕಟ್ಟುವುದು ಈ ಹೊರೆ ಸಾಗಿಸುವ ಕೂಲಿಗೆ ಮಾತ್ರ. ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೂ ಅಲ್ಲ. ಆಸ್ಟ್ರಿಯಾದ ಪೀಟರ್ ಫಾನ್ ರಿಟಿಂಗರ್ 1850ರ ದಶಕದಲ್ಲೇ ಉಪ್ಪುನೀರು ಬತ್ತಿಸಲು ಇದೇ ತತ್ವ ಬಳಸಿದ್ದರು.

ಹೊರಗಿನ ಗಾಳಿ ಬೆಚ್ಚಗಿದ್ದಷ್ಟೂ ಕೂಲಿ ಕಡಿಮೆ. ಆ ಲೆಕ್ಕದಲ್ಲಿ ಬೆಂಗಳೂರು ಇದಕ್ಕೆ ಹೇಳಿ ಮಾಡಿಸಿದ ಊರು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಯುರೋಪಿನ ಚಳಿಗಾಲದಲ್ಲಿ ಕಾಯಿಲ್ ಮೇಲೆ, ಅಂದರೆ ಗಾಳಿಯ ಶಾಖ ಹೀರುವ ಆ ಕೊಳವೆಯ ಸುರುಳಿಯ ಮೇಲೆ, ಹಿಮ ಕಟ್ಟಿ ಅದನ್ನು ಕರಗಿಸುವುದಕ್ಕೂ ಕರೆಂಟ್ ಖರ್ಚಾಗುತ್ತದೆ. ನಮಗೆ ಆ ಗೊಡವೆ ಇಲ್ಲ.

ಈಗ ಲೆಕ್ಕ. 200 ಲೀಟರ್ ನೀರನ್ನು 24 ಡಿಗ್ರಿಯಿಂದ 55ಕ್ಕೆ ಏರಿಸಲು ಸುಮಾರು 7.2 ಯೂನಿಟ್ ಶಾಖ ಬೇಕು. ಗೀಸರಿನಲ್ಲಾದರೆ ಅಷ್ಟೂ ಮೀಟರಿನಲ್ಲಿ ಓಡುತ್ತದೆ. ನಾನು ಹೀಟ್ ಪಂಪಿಗೆಂದೇ ಒಂದು ಸಣ್ಣ ಮೀಟರ್ ಹಾಕಿಸಿದ್ದೇನೆ. ಏಪ್ರಿಲ್‌ನಲ್ಲಿ ದಿನಕ್ಕೆ 2.3ರ ಆಸುಪಾಸು, ಡಿಸೆಂಬರಿನಲ್ಲಿ 3 ಯೂನಿಟ್ ತೋರಿಸುತ್ತದೆ.

ಆದರೆ ಮೊದಲ ಎರಡು ತಿಂಗಳು ಅದೇ ಮೀಟರ್ ನಾಲ್ಕು ದಾಟುತ್ತಿತ್ತು. ಕೂರಿಸಲು ಬಂದವರು ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕದಲ್ಲಿ ಇಟ್ಟು ಹೋಗಿದ್ದರು. ಮಳೆ ಎರಚಲು ಬರುತ್ತದೆ ಅಂತ ನಾವು ಅದಕ್ಕೆ ಗಾಜಿನ ಬಾಗಿಲು ಹಾಕಿಸಿಕೊಂಡಿದ್ದೆವು. ಒಂದು ದಿನ ಯಂತ್ರ ಓಡುತ್ತಿರುವಾಗ ಬಾಗಿಲು ಸರಿಸಿ ಒಳಗೆ ಕಾಲಿಟ್ಟೆ. ಮೇ ತಿಂಗಳ ಮಧ್ಯಾಹ್ನ, ಆ ಮೂಲೆ ಮಾತ್ರ ಮಡಿಕೇರಿಯ ಬೆಳಗಿನ ಹಾಗೆ ತಣ್ಣಗಿತ್ತು. ಗಾಜಿನ ಹೊರಮೈ ಬೆವತಿತ್ತು. ಫ್ಯಾನು ಉಗುಳಿದ ತಣ್ಣನೆಯ ಗಾಳಿಯನ್ನೇ ಯಂತ್ರ ಮತ್ತೆ ಎಳೆದುಕೊಳ್ಳುತ್ತಿತ್ತು, ಶಾಖವಿಲ್ಲದ ಗಾಳಿಯಿಂದ ಶಾಖ ಹಿಂಡಲು ಐದು ಗಂಟೆ ಒದ್ದಾಡುತ್ತಿತ್ತು. ಟೆರೇಸಿಗೆ ಸಾಗಿಸಿ, ಮೇಲೊಂದು ಶೀಟು ಹೊದಿಸಿ, ಸುತ್ತ ನಾಲ್ಕೂ ಕಡೆ ತೆರೆದಿಟ್ಟ ದಿನವೇ ಮೂರು ಗಂಟೆಗೆ ಇಳಿಯಿತು. ನೆರಳಿದ್ದರೂ ಪರವಾಗಿಲ್ಲ, ಅದಕ್ಕೆ ಬೇಕಾದದ್ದು ಬಿಸಿಲಲ್ಲ, ಗಾಳಿಯಾಟ. ಕಾಯಿಲಿನಿಂದ ನೀರು ತೊಟ್ಟಿಕ್ಕುತ್ತದೆ, ಅದಕ್ಕೊಂದು ಪೈಪು ಇಡಿಸಿ. ನಮ್ಮದು ಕರಿಬೇವಿನ ಕುಂಡಕ್ಕೆ ಹೋಗುತ್ತದೆ. ಕಂಪ್ರೆಸರ್ ಸದ್ದು ಫ್ರಿಜ್ಜಿಗಿಂತ ಜೋರು, ಮಲಗುವ ಕೋಣೆಯ ಗೋಡೆಗೆ ತಾಗಿಸಬೇಡಿ.

ಇನ್ನೊಂದು ಮಾತು ಅಂಗಡಿಯಲ್ಲಿ ಹೇಳುವುದಿಲ್ಲ. ಇದಕ್ಕೆ ಗೀಸರಿನ ಅಭ್ಯಾಸ ನಡೆಯುವುದಿಲ್ಲ, ಹಂಡೆಯ ಅಭ್ಯಾಸ ಬೇಕು. ಸ್ವಿಚ್ ಹಾಕಿ ಹತ್ತು ನಿಮಿಷಕ್ಕೆ ಬಿಸಿನೀರು ಅನ್ನುವ ಯಂತ್ರವಲ್ಲ ಇದು. ಅಜ್ಜಿಮನೆಯಲ್ಲಿ ಬಚ್ಚಲೊಲೆಗೆ ಕರಟ, ಸೋಗೆ ತುಂಬಿ ಹಂಡೆ ಕಾಯಿಸಿಟ್ಟರೆ ಮನೆಮಂದಿಯೆಲ್ಲ ಮೀಯುತ್ತಿದ್ದರಲ್ಲ, ಹಾಗೆ. ನಾನು ಟೈಮರ್ ಇಟ್ಟಿರುವುದು ಮಧ್ಯಾಹ್ನ 12ರಿಂದ 3ಕ್ಕೆ, ಗಾಳಿ ಅತ್ಯಂತ ಬೆಚ್ಚಗಿರುವ ಹೊತ್ತು. 55ಕ್ಕೆ ಕಾದ ನೀರು ಮರುದಿನ ಬೆಳಿಗ್ಗೆ ಆರಕ್ಕೆ 52ರಲ್ಲಿರುತ್ತದೆ. ಅದಕ್ಕೆ 24 ಡಿಗ್ರಿಯ ತಣ್ಣೀರು ಬೆರೆಸಿಕೊಂಡರೂ 42 ಡಿಗ್ರಿಯ ಸ್ನಾನದ ನೀರು 300 ಲೀಟರಿಗೆ ಮೇಲೆ, ಅಂದರೆ 20 ಲೀಟರಿನ 15 ಬಕೆಟ್ ಸಿಗುತ್ತದೆ. ನಿಮ್ಮ ಆರು ಜನಕ್ಕೆ ಸಾಕು. ನೀರು ತುಂಬುವ ಹಬ್ಬದ ದಿನ ಮಾತ್ರ ನಾನು 60ಕ್ಕೆ ಏರಿಸುತ್ತೇನೆ, ಮರುದಿನ ನಸುಕಿನಲ್ಲಿ ಎಲ್ಲರಿಗೂ ಎಣ್ಣೆ ಸ್ನಾನ ಇರುತ್ತದೆ. ದಿನವೂ ಅಷ್ಟು ಏರಿಸಿದರೆ ಕೂಲಿ ಹೆಚ್ಚು. ವಾರಕ್ಕೊಮ್ಮೆ 60 ದಾಟಿಸುವುದು ಒಳ್ಳೆಯದು, ನಿಂತ ಉಗುರುಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ಅದು ತಡೆಯುತ್ತದೆ.

ಬೋರ್‌ವೆಲ್ ನೀರಾದರೆ ಟ್ಯಾಂಕಿನೊಳಗಿನ ಆನೋಡ್ ಕಡ್ಡಿಯನ್ನು ಮರೆಯಬೇಡಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಎರಡು ವರ್ಷಕ್ಕೆ ನಮ್ಮದನ್ನು ಬಿಚ್ಚಿದಾಗ ಹೆಬ್ಬೆರಳು ದಪ್ಪವಿದ್ದದ್ದು ಪೆನ್ಸಿಲ್ ಆಗಿತ್ತು, ಮೈತುಂಬ ಬಿಳಿ ಸುಣ್ಣ. ಇಳಿಯುವ ಪೈಪಿಗೂ ಇನ್ಸುಲೇಷನ್ ಸುತ್ತಿಸಿ. ಮುಕ್ಕಾಲು ಇಂಚಿನ ಪೈಪು 20 ಮೀಟರ್ ಇದ್ದರೆ ಅದರ ಹೊಟ್ಟೆಯಲ್ಲೇ ಸುಮಾರು 5 ಲೀಟರ್ ನೀರು ತಣ್ಣಗಾಗಿ ಕೂತಿರುತ್ತದೆ. ಟ್ಯಾಂಕರ್ ತರಿಸುವ ಬಡಾವಣೆಯಲ್ಲಿ ಅದನ್ನು ದಿನಾ ಚರಂಡಿಗೆ ಬಿಡಲು ಮನಸ್ಸು ಬರುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ನೀರು ನೆಲ ಒರೆಸುವ ಬಕೆಟ್ಟಿಗೆ.

ದುಡ್ಡಿನ ವಿಷಯ. 200 ಲೀಟರಿನದಕ್ಕೆ ಒಂದು ಲಕ್ಷದ ಆಸುಪಾಸು ಬೀಳುತ್ತದೆ. ಗೀಸರಿಗೆ ಹೋಲಿಸಿದರೆ ತಿಂಗಳಿಗೆ 140 ಯೂನಿಟ್ ಉಳಿತಾಯ, ಯೂನಿಟ್ಟಿಗೆ 7 ರೂಪಾಯಿಯಂತೆ ಸಾವಿರದ ಹತ್ತಿರ. ಹಾಕಿದ ದುಡ್ಡು ಹಿಂದಿರುಗಲು ಎಂಟು ವರ್ಷ ಬೇಕು. ಗೃಹಜ್ಯೋತಿ ಇದ್ದವರಿಗೆ ಲೆಕ್ಕ ಬದಲಾಗುತ್ತದೆ. ನೀರು ಕಾಯಿಸಲು ಗೀಸರಿಗೇ ತಿಂಗಳಿಗೆ 210 ಯೂನಿಟ್ ಹೋದರೆ 200ರ ಗೆರೆ ಅಲ್ಲೇ ದಾಟಿ ಇಡೀ ಬಿಲ್ಲು ನಿಮ್ಮ ಮೇಲೆ ಬರುತ್ತದೆ, ಹೀಟ್ ಪಂಪಿಗಾದರೆ 75ರ ಸುಮಾರು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಇದನ್ನು ನಾನು ಹೇಳುವುದಿಲ್ಲ, ಅಸಲು ಹುಟ್ಟುವುದೇ ಕಷ್ಟ. ಬಿಸಿಲು ಚೆನ್ನಾಗಿ ಬೀಳುವ ಟೆರೇಸಿದ್ದರೂ ಹೇಳುವುದಿಲ್ಲ, ಅಲ್ಲಿ ಸೋಲಾರೇ ಸರಿ. ನಿಮ್ಮದು ಎರಡೂ ಅಲ್ಲ, ನೀವು ಹಾಕಿಸಿ.

ಹಳೆಯ ಸೋಲಾರ್ ಟ್ಯಾಂಕನ್ನು ಗುಜರಿಗೆ ಹಾಕುವ ಮುಂಚೆ ಅದರ ಸ್ಟ್ಯಾಂಡ್ ಮತ್ತು ಬಿಸಿನೀರಿನ ಪೈಪು ಎಲ್ಲಿಂದ ಇಳಿಯುತ್ತದೆ ಅಂತ ನೋಡಿಕೊಳ್ಳಿ. ಅದೇ ಜಾಗದಲ್ಲಿ ಹೀಟ್ ಪಂಪ್ ಕೂತರೆ ಗೋಡೆ ಒಡೆಯುವ ಕೆಲಸ ಇರುವುದಿಲ್ಲ. ತುಂಬಿದ ಟ್ಯಾಂಕು ಯಂತ್ರವೂ ಸೇರಿ 300 ಕಿಲೋ ಹತ್ತಿರ ತೂಗುತ್ತದೆ, ಹಾಗಾಗಿ ಕೆಳಗೆ ತೊಲೆ ಹಾದುಹೋಗಿರುವ ಕಡೆಯೇ ಕೂರಿಸಲು ಹೇಳಿ.