ಆ ‘ಬರೀ’ ಅನ್ನೋ ಪದಕ್ಕೆ ನನ್ನ ತಕರಾರು

ಸೇಡಂ ತಾಲ್ಲೂಕಿನ ಓದುಗರೊಬ್ಬರ ಪತ್ರ: “ದೇಶದ ನಿಸರ್ಗ ಸಂಪತ್ತು ಅಂತ ವಿಶೇಷ ಸಂಚಿಕೆ ತಂದಿರಿ. ಕಾಶ್ಮೀರದ ಕೇಸರಿ ಹೊಲ, ಮೇಘಾಲಯದ ಬೇರಿನ ಸೇತುವೆ, ಕಚ್ಛದ ಉಪ್ಪಿನ ಬಯಲು ಎಲ್ಲಾ ಇತ್ತು. ಕಲಬುರಗಿಯಲ್ಲೇ ಕೂತು ಪತ್ರಿಕೆ ಮಾಡುವ ನಿಮಗೆ ನಮ್ಮ ಭಾಗ ಕಾಣಲಿಲ್ಲವೇ? ಇಲ್ಲಿರೋದು ಬರೀ ಬಿಸಿಲು, ಬರೀ ಕಲ್ಲು ಅಂತ ನೀವೂ ಒಪ್ಪಿಬಿಟ್ಟಿರಾ? ಫೋಟೊ ತೆಗೆಯುವಂಥದ್ದು ಏನೂ ಇಲ್ಲವೇ?”

ಸಂಪಾದಕರ ಉತ್ತರ:

ತಪ್ಪು ನಮ್ಮದೇ. ಆ ಸಂಚಿಕೆಗೆ ಯೋಚನೆ ಮಾಡುವಾಗ ಕೂತಿದ್ದವರೆಲ್ಲ ಇದೇ ನೆಲದವರು. ಒಬ್ಬರಿಗೂ ನಮ್ಮೂರು ನೆನಪಾಗಲಿಲ್ಲ. ಚಿಂಚೋಳಿ ಕಾಡು, ಎತ್ತಿಪೋತ ಜಲಪಾತ ಹಾಕಬಹುದಿತ್ತು ಅಂತ ಆಮೇಲೆ ಯಾರೋ ಅಂದರು. ಹಾಕಬಹುದಿತ್ತು. ಆದರೆ ‘ನಮ್ಮಲ್ಲೂ ಒಂದು ಮಲೆನಾಡಿದೆ ನೋಡಿ’ ಅಂತ ತೋರಿಸಿಕೊಳ್ಳುವುದು ನನಗೆ ಅಷ್ಟು ಇಷ್ಟವಿಲ್ಲ. ನಮ್ಮ ಚೆಲುವು ಬೇರೆ ಕಡೆ ಇದೆ. ನೀವು ‘ಬರೀ ಕಲ್ಲು’ ಅಂದಿರಲ್ಲ, ಅಲ್ಲೇ.

ಒಮ್ಮೆ ಯಾದಗಿರಿಯಲ್ಲಿ ರೈಲು ಹತ್ತಿ, ಕಲಬುರಗಿಯಲ್ಲಿ ಬದಲಿಸಿ, ಬೀದರ್‌ವರೆಗೆ ಹೋಗಿ. ಕಿಟಕಿ ಪಕ್ಕ ಕೂತರೆ ನೆಲ ಮೂರು ಸಲ ಬದಲಾಗುತ್ತದೆ. ಯಾದಗಿರಿಯಲ್ಲಿ ಗುಂಡು ಗುಂಡು ಗ್ರಾನೈಟ್ ಬೆಟ್ಟ. ವಾಡಿ, ಶಹಾಬಾದ್ ಬಂದಾಗ ಪುಸ್ತಕದ ಹಾಳೆಯಂತೆ ಪದರು ಪದರಾದ ಸುಣ್ಣದ ಕಲ್ಲು. ಇದು ಎಂದೋ ಇಲ್ಲಿದ್ದ ಕಡಲಿನ ತಳ. ಕಲಬುರಗಿ ದಾಟಿದರೆ ಎರೆ ಭೂಮಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆರಿ ಕಲ್ಲಾಗಿ, ಸವೆದು ಆದ ಕರಿ ಮಣ್ಣು ಅದು. ಹುಮನಾಬಾದ್ ಬಿಟ್ಟು ಬೀದರ್ ಏರಿದರೆ ಕೆಂಪು ಜಂಬಿಟ್ಟಿಗೆ. ಒಂದೇ ದಿನದ ಪ್ರಯಾಣ, ಕೈಯಲ್ಲಿ ಚಹಾ. ಭೂಮಿಯ ಇತಿಹಾಸ ಇಷ್ಟು ಅಗ್ಗಕ್ಕೆ ಎಲ್ಲಿ ಸಿಗುತ್ತದೆ ಹೇಳಿ!

ಆ ಸುಣ್ಣದ ಕಲ್ಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ನಮ್ಮ ಮನೆಗಳ ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಅದೇ. ಮೇ ತಿಂಗಳ ಮಧ್ಯಾಹ್ನ ಚಾಪೆ ಕೂಡ ಬೇಡ ಅಂತ ಅದರ ಮೇಲೆ ಮೈ ಚಾಚಿದವರಿಗೆ ನಾನು ವಿವರಿಸಬೇಕಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕ ಚಕ್ರವರ್ತಿಯ ಉಬ್ಬುಶಿಲ್ಪ ಇರುವುದೂ ಸುಣ್ಣದ ಕಲ್ಲಿನ ಮೇಲೆಯೇ. ‘ರಾಯ ಅಸೋಕೊ’ ಅಂತ ಬ್ರಾಹ್ಮಿ ಲಿಪಿಯಲ್ಲಿ ಹೆಸರೂ ಕೆತ್ತಿದ್ದಾರೆ. ಇನ್ನೂ ಹಿಂದೆ ಹೋಗಬೇಕೆಂದರೆ ಹುಣಸಗಿ ಹತ್ತಿರದ ಇಸಾಂಪುರಕ್ಕೆ ಹೋಗಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಅಗೆದಾಗ ಸಿಕ್ಕಿದ್ದು ಆದಿಮಾನವರ ಖಣಿ. ಕೈಗೊಡಲಿ ಮಾಡಲು ಇದೇ ಜಾತಿಯ ಕಲ್ಲನ್ನು ಅವರು ಒಡೆಯುತ್ತಿದ್ದರು, ಸುಮಾರು 12 ಲಕ್ಷ ವರ್ಷಗಳ ಹಿಂದೆ. ಖಣಿ ಕೆಲಸ ನಮಗೆ ಹೊಸದಲ್ಲ ಬಿಡಿ.

ಬೀದರ್‌ನದು ಬೇರೆ ಕಥೆ. ಜಂಬಿಟ್ಟಿಗೆ ನೀರು ಕುಡಿಯುತ್ತದೆ, ಕೆಳಗಿನ ಲಾವಾ ಕಲ್ಲು ಅದನ್ನು ಇಳಿಯಲು ಬಿಡುವುದಿಲ್ಲ. ಎರಡೂ ಸೇರುವ ಗೆರೆ ಹಿಡಿದು ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ಸುರಂಗ ಕೊರೆದರು, ನೀರು ತಾನೇ ಹರಿದು ಬಂತು. ಅದೇ ಸುರಂಗ ಬಾವಿ, ಕರೇಜ್. ಬೆಳ್ಳಿ ಚಿತ್ತಾರದ ಬಿದರಿ ಹೂದಾನಿ ಕಪ್ಪಾಗುವುದೂ ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದಾಗ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಕೇಸರಿಗೆ ಕಾಶ್ಮೀರದ ಪಾಂಪೋರದ ಕರೇವಾ ಮಣ್ಣು ಹೇಗೋ ತೊಗರಿಗೆ ನಮ್ಮ ಎರೆ ಹಾಗೆ. ಮಳೆ ನಿಂತ ಮೇಲೂ ಎರೆ ತೇವ ಹಿಡಿದಿಡುತ್ತದೆ, ತೊಗರಿ ಬೇರು ಆಳಕ್ಕಿಳಿದು ಅದನ್ನು ಹುಡುಕಿಕೊಳ್ಳುತ್ತದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿತು. ಕೇಸರಿ ಹೊಲಕ್ಕೆ ಎರಡು ಪುಟ ಕೊಟ್ಟ ನಾವು ಇದಕ್ಕೆ ಒಂದು ಸಾಲೂ ಕೊಡಲಿಲ್ಲ. ನಾಚಿಕೆಯಾಗುತ್ತದೆ.

ಹಾಗಂತ ಎಲ್ಲಾ ಚೆಂದ ಅಂತಲೂ ಬರೆಯಲಾರೆ. ಸುಣ್ಣದ ಕಲ್ಲು ಇದೆ ಅಂತಲೇ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದವು. ದೇಶದ ಎಷ್ಟೋ ಮನೆಗಳಲ್ಲಿ ನಮ್ಮ ನೆಲದ ಪುಡಿ ಇದೆ. ಕೆಲಸ ಸಿಕ್ಕಿದೆ, ಸುಳ್ಳಲ್ಲ. ಆದರೆ ಕಲ್ಲು ತೆಗೆದು ಬಿಟ್ಟುಹೋದ ಖಣಿಗಳು ಹಾಗೇ ಬಾಯ್ತೆರೆದು ಬಿದ್ದಿವೆ. ಮಳೆಗಾಲದಲ್ಲಿ ನೀರು ತುಂಬಿ ಹಸಿರು ಕೊಳದಂತೆ ಕಾಣುತ್ತವೆ, ಎಮ್ಮೆ ಈಜುತ್ತವೆ. ಅದೂ ಒಂದು ಫೋಟೊನೇ, ಅಲ್ವಾ?

ನಿಮಗೊಂದು ಕೆಲಸ ಹೇಳುತ್ತೇನೆ. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾದಾಗ ನಿಮ್ಮೂರ ಖಣಿಯ ಅಂಚಿಗೆ ಹೋಗಿ. ಹೂ, ಪದರುಗಲ್ಲು, ದೂರದ ಕಾರ್ಖಾನೆ ಚಿಮಣಿ ಮೂರೂ ಒಂದೇ ಚೌಕಟ್ಟಿಗೆ ಬರುವಂತೆ ತೆಗೆಯಿರಿ. ಚಿಮಣಿ ಕತ್ತರಿಸಬೇಡಿ. ಎರಡು ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.