ಹೊಸ ಯಂತ್ರ ಕೊಳ್ಳುವ ಮುನ್ನ ಹಳೆಯ ಬ್ಲೇಡನ್ನು ಬಿಚ್ಚಿ ನೋಡಿ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನೂ ಅದರ ಜೊತೆಗೆ ಹಾಕಿರುವ ಚಿತ್ರಗಳನ್ನೂ ನೋಡಿದೆ. ಹದಿನೈದು ದಿನಕ್ಕೊಮ್ಮೆ ಲಾನ್ ಕತ್ತರಿಸುತ್ತೀರಿ, ಪೆಟ್ರೋಲ್ ಯಂತ್ರವನ್ನು ನೂಕಿ ನೂಕಿ ಭುಜ ಸೋಲುತ್ತದೆ, ನಡುನಡುವೆ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ, ಇಷ್ಟೆಲ್ಲ ಪಾಡುಪಟ್ಟ ಮೇಲೂ ಎರಡು ದಿನದೊಳಗೆ ಹುಲ್ಲಿನ ಮೇಲ್ಭಾಗ ಬೂದಿ ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಹೆಚ್ಚು ಶಕ್ತಿಯ ಯಂತ್ರವನ್ನು ಕೊಳ್ಳಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ ಎಂಬುದು ನನ್ನ ಉತ್ತರ. ನೀವು ಹೇಳಿದ ಲಕ್ಷಣಗಳಲ್ಲಿ ಹೆಚ್ಚಿನವು ಮೊಂಡಾದ ಬ್ಲೇಡಿನವು ಮತ್ತು ಮಿತಿಮೀರಿ ಬೆಳೆದ ಹುಲ್ಲಿನವು. ದೊಡ್ಡ ಎಂಜಿನ್ ತಂದರೆ ಅದೇ ಹುಲ್ಲನ್ನು ನಿಲ್ಲದೆ ಹರಿದುಹಾಕಬಹುದೇ ಹೊರತು ಚೆನ್ನಾಗಿ ಕತ್ತರಿಸಿದಂತಾಗುವುದಿಲ್ಲ.

ಮೊದಲು ಬ್ಲೇಡಿನ ವಿಷಯ. ನಿಮ್ಮದು ಅಡ್ಡಲಾಗಿ ಸುತ್ತುವ ಒಂದೇ ಬ್ಲೇಡಿನ ಯಂತ್ರ. ಅದು ಕತ್ತರಿಯ ಹಾಗೆ ಎರಡು ಅಲಗುಗಳ ನಡುವೆ ಹುಲ್ಲನ್ನು ಹಿಡಿದು ಕತ್ತರಿಸುವುದಿಲ್ಲ; ಕುಡುಗೋಲು ಬೀಸಿದಂತೆ, ಬರೀ ವೇಗದಿಂದ ಹೊಡೆದು ಕೊಯ್ಯುತ್ತದೆ. ಅಲಗು ಹರಿತವಾಗಿದ್ದರೆ ಗರಿ ಒಂದೇ ಏಟಿಗೆ ನೇರವಾಗಿ ತುಂಡಾಗುತ್ತದೆ. ಮೊಂಡಾಗಿದ್ದರೆ ಗರಿ ಜಜ್ಜಿಹೋಗಿ, ತುದಿಯಲ್ಲಿ ಹರಿದ ಬಟ್ಟೆಯ ಅಂಚಿನಂತೆ ಎಳೆಗಳು ಉಳಿದು, ಆ ಎಳೆಗಳು ಒಂದೆರಡು ದಿನದಲ್ಲಿ ಒಣಗಿ ಮೊದಲು ಬೆಳ್ಳಗೂ ಆಮೇಲೆ ಕಂದಾಗಿಯೂ ಕಾಣುತ್ತವೆ. ನಿಮ್ಮ ಎರಡನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಈ ಎಳೆಗಳು ಸ್ಪಷ್ಟವಾಗಿವೆ. ಹೀಗೆ ಹರಿದ ಗಾಯದಿಂದ ನೀರು ಹೆಚ್ಚು ಆರುತ್ತದೆ, ಶಿಲೀಂಧ್ರ ರೋಗಗಳಿಗೂ ಅದು ಒಳದಾರಿಯಾಗುತ್ತದೆ. ಇನ್ನು ಮುಂದೆ ಕತ್ತರಿಸಿದ ಮರುದಿನ ನಾಲ್ಕು ಗರಿ ಕಿತ್ತು ತುದಿಯನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅಲಗಿನ ಸ್ಥಿತಿಯನ್ನು ತಿಳಿಯಲು ಅದಕ್ಕಿಂತ ಸುಲಭವಾದ ಪರೀಕ್ಷೆ ಇಲ್ಲ.

ಬ್ಲೇಡನ್ನು ಮುಟ್ಟುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಿತ್ತು ದೂರ ಇಡಿ, ಇದರಲ್ಲಿ ರಿಯಾಯಿತಿ ಬೇಡ. ಸ್ವಿಚ್ ಆರಿಸಿದ್ದರೂ ಬ್ಲೇಡನ್ನು ಕೈಯಿಂದ ತಿರುಗಿಸಿದಾಗ ಎಂಜಿನ್ ಹೊತ್ತಿಕೊಳ್ಳುವ ಸಂಭವವನ್ನು ಪೂರ್ತಿ ಇಲ್ಲವಾಗಿಸುವ ಖಾತರಿಯ ದಾರಿ ಅದೊಂದೇ. ವಿದ್ಯುತ್ತಿನ ಯಂತ್ರವಾದರೆ ಪ್ಲಗ್ ಕೀಳಬೇಕು, ಬ್ಯಾಟರಿಯದಾದರೆ ಬ್ಯಾಟರಿಯನ್ನೇ ಹೊರತೆಗೆಯಬೇಕು. ಯಂತ್ರವನ್ನು ವಾಲಿಸುವಾಗ ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ಇರುವ ಬದಿ ಮೇಲಕ್ಕೆ ಬರುವಂತೆ ವಾಲಿಸಿ. ತಿರುವುಮುರುವಾಗಿ ಮಲಗಿಸಿದರೆ ಎಂಜಿನ್ ಆಯಿಲ್ ಫಿಲ್ಟರಿಗೆ ಇಳಿದು, ಆಮೇಲೆ ಯಂತ್ರ ಹೊತ್ತಿಕೊಳ್ಳದೆ ಅರ್ಧ ದಿನ ಕಾಡುತ್ತದೆ. ಬ್ಲೇಡು ತಿರುಗದಂತೆ ಅದಕ್ಕೂ ಡೆಕ್ಕಿಗೂ (ಬ್ಲೇಡನ್ನು ಮೇಲಿಂದ ಮುಚ್ಚಿರುವ ಗಟ್ಟಿ ಹೊದಿಕೆ) ನಡುವೆ ಒಂದು ಮರದ ತುಂಡನ್ನು ಸಿಕ್ಕಿಸಿ, ದಪ್ಪ ಕೈಗವಸು ಹಾಕಿಕೊಂಡು, ಸ್ಪ್ಯಾನರಿನಿಂದ ಬೋಲ್ಟ್ ಬಿಚ್ಚಿ.

ಬಿಚ್ಚುವ ಮುನ್ನ ಕೆಳಗೆ ಕಾಣುವ ಮುಖಕ್ಕೆ ಒಂದು ಬೊಟ್ಟು ಬಣ್ಣ ಹಚ್ಚಿಡಿ. ಈ ಬುದ್ಧಿ ನನಗೆ ತಡವಾಗಿ ಬಂತು. ಒಮ್ಮೆ ಒಂದು ಗಂಟೆ ಶ್ರದ್ಧೆಯಿಂದ ಅರ ಉಜ್ಜಿ, ಬ್ಲೇಡನ್ನು ತಲೆಕೆಳಗಾಗಿ ಕೂರಿಸಿ, ಇಡೀ ಲಾನನ್ನು ಓಡಾಡಿ ಮುಗಿಸಿದ ಮೇಲೆ ಹುಲ್ಲು ಕತ್ತರಿಸಿದ್ದಕ್ಕಿಂತ ಬಾಚಿದಂತೆ ಕಂಡದ್ದರಿಂದ ಅನುಮಾನ ಬಂದಿತ್ತು. ಬ್ಲೇಡಿನ ಎರಡು ತುದಿಗಳಲ್ಲಿ ಹಿಂಬದಿಗೆ ಮೇಲಕ್ಕೆ ಬಾಗಿರುವ ರೆಕ್ಕೆಯಂಥ ಭಾಗ ಯಾವಾಗಲೂ ಡೆಕ್ಕಿನ ಕಡೆಗೆ, ಅಂದರೆ ಮೇಲ್ಮುಖವಾಗಿ ಇರಬೇಕು. ಅದು ಎಬ್ಬಿಸುವ ಗಾಳಿಯೇ ಬಾಗಿದ ಹುಲ್ಲನ್ನು ಎತ್ತಿ ಅಲಗಿಗೆ ಒಡ್ಡುತ್ತದೆ.

ಹರಿತ ಮಾಡಲು ಸಾಮಾನ್ಯ ಅರವೇ ಸಾಕು. ಬ್ಲೇಡನ್ನು ವೈಸಿನಲ್ಲಿ ಬಿಗಿದು, ಮೊದಲಿಂದ ಇರುವ ಓರೆಯನ್ನೇ ಅನುಸರಿಸಿ ಒಂದೇ ದಿಕ್ಕಿಗೆ ಉಜ್ಜಿ. ಹೆಚ್ಚಿನ ಬ್ಲೇಡುಗಳಲ್ಲಿ ಆ ಓರೆ ಸುಮಾರು 30 ಡಿಗ್ರಿ ಇರುತ್ತದೆ. ಕ್ಷೌರದ ಕತ್ತಿಯಷ್ಟು ತೆಳ್ಳಗೆ ಮಾಡಲು ಹೋಗಬೇಡಿ. ಅಂಥ ಅಲಗು ಮೊದಲ ಕಲ್ಲು ತಾಕಿದ ಕೂಡಲೇ ಮಡಚಿಕೊಳ್ಳುತ್ತದೆ. ಗ್ರೈಂಡರ್ ಬಳಸುವವರು ಉಕ್ಕು ನೀಲಿಗೆ ತಿರುಗುವಷ್ಟು ಕಾಯದಂತೆ ನೋಡಿಕೊಳ್ಳಬೇಕು, ಏಕೆಂದರೆ ಹಾಗೆ ಕಾದ ಜಾಗದಲ್ಲಿ ಹದ ಹೋಗಿ ಅಲಗು ಬೇಗ ಸವೆಯುತ್ತದೆ. ಕೊನೆಗೆ, ಗೋಡೆಗೆ ಹೊಡೆದ ಮೊಳೆಗೆ ಬ್ಲೇಡಿನ ನಡುವಿನ ತೂತನ್ನು ಸಿಕ್ಕಿಸಿ ಬಿಡಿ. ಒಂದು ಕಡೆ ಇಳಿದರೆ ಆ ಕಡೆ ಭಾರ ಎಂದರ್ಥ. ಎರಡೂ ಕಡೆ ಸಮವಾಗಿ ನಿಲ್ಲುವವರೆಗೆ ಅದೇ ಕಡೆಯಿಂದ ಸ್ವಲ್ಪ ಸ್ವಲ್ಪ ಲೋಹ ತೆಗೆಯಿರಿ. ತೂಕ ಸರಿಯಿಲ್ಲದ ಬ್ಲೇಡು ಯಂತ್ರವನ್ನು ನಡುಗಿಸಿ ನಿಮ್ಮ ಅಂಗೈಯನ್ನು ಮರಗಟ್ಟಿಸುವುದಲ್ಲದೆ ಎಂಜಿನ್ನಿನ ಬೇರಿಂಗನ್ನೂ ತಿನ್ನುತ್ತದೆ. ಸುಮಾರು 20ರಿಂದ 25 ಗಂಟೆಗಳ ಬಳಕೆಗೊಮ್ಮೆ ಇದನ್ನು ಮಾಡಿದರೆ ಸಾಕು. ಬಿರುಕು ಬಿಟ್ಟ ಅಥವಾ ಆ ರೆಕ್ಕೆ ಸವೆದು ತೆಳುವಾದ ಬ್ಲೇಡಿಗೆ ಮಾತ್ರ ಅರ ಹಾಕಬಾರದು, ಬದಲಿಸಬೇಕು.

ಬ್ಲೇಡು ಬಿಚ್ಚಿರುವಾಗಲೇ ಡೆಕ್ಕಿನ ಒಳಮೈಗೆ ಅಂಟಿಕೊಂಡು ಗಟ್ಟಿಯಾದ ಹುಲ್ಲಿನ ಪದರವನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ. ಅದು ಗಾಳಿಯ ಓಟಕ್ಕೆ ಅಡ್ಡಬರುತ್ತದೆ.

ಈಗ ಎತ್ತರದ ವಿಷಯ. ಈ ಚರ್ಚೆಯಲ್ಲಿ ಒಬ್ಬ ಸದಸ್ಯರು, ನೆಲಕ್ಕೆ ಹತ್ತಿಸಿ ಕತ್ತರಿಸಿದರೆ ಪದೇ ಪದೇ ಕತ್ತರಿಸುವ ಕೆಲಸ ತಪ್ಪುತ್ತದೆ ಎಂದು ಸಲಹೆ ಕೊಟ್ಟಿದ್ದಾರೆ. ಅವರ ಉದ್ದೇಶ ಒಳ್ಳೆಯದೇ, ಆದರೆ ಲೆಕ್ಕ ತಲೆಕೆಳಗಾಗಿದೆ. ಒಂದು ಸಲಕ್ಕೆ ಗರಿಯ ಎತ್ತರದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಎಲ್ಲ ಬಗೆಯ ಲಾನ್ ಹುಲ್ಲಿಗೂ ಅನ್ವಯಿಸುವ ನಿಯಮ. ಹುಲ್ಲನ್ನು 3 ಸೆಂಟಿಮೀಟರಿನಲ್ಲಿ ಇಡಬೇಕೆಂದರೆ ಅದು ನಾಲ್ಕೂವರೆಗೆ ಬಂದ ಕೂಡಲೇ ಕತ್ತರಿಸಬೇಕು, ಅಂದರೆ ಒಂದೂವರೆ ಸೆಂಟಿಮೀಟರ್ ಬೆಳೆಯುವಷ್ಟರಲ್ಲಿ ಮತ್ತೆ ಯಂತ್ರ ಹೊರಬರಬೇಕು. ಅದೇ ಹುಲ್ಲನ್ನು 6 ಸೆಂಟಿಮೀಟರಿನಲ್ಲಿ ಇಟ್ಟರೆ ಒಂಬತ್ತಾಗುವವರೆಗೆ ಕಾಯಬಹುದು. ಬೆಳವಣಿಗೆಯ ವೇಗ ಒಂದೇ ಆಗಿದ್ದರೂ ಬಿಡುವು ಎರಡರಷ್ಟು ಸಿಗುತ್ತದೆ. ಎತ್ತರ ಹೆಚ್ಚಿದಷ್ಟೂ ಬೇರು ಆಳಕ್ಕೆ ಇಳಿಯುತ್ತದೆ, ನೆಲಕ್ಕೆ ನೆರಳಾಗಿ ಕಳೆಯ ಬೀಜಗಳು ಮೊಳೆಯುವುದೂ ಕಡಿಮೆಯಾಗುತ್ತದೆ.

ಆದರೆ ಇದಕ್ಕೂ ಹುಲ್ಲಿನ ಜಾತಿಗೆ ತಕ್ಕ ಮಿತಿ ಇದೆ. ಗರಿಕೆಯ ಜಾತಿಯ ಬರ್ಮುಡಾ ಹುಲ್ಲಿಗೂ ಜೋಯ್ಸಿಯಾಕ್ಕೂ ಎರಡೂವರೆಯಿಂದ 5 ಸೆಂಟಿಮೀಟರ್ ಸರಿ. ಅದಕ್ಕಿಂತ ಬಹಳ ಎತ್ತರ ಬಿಟ್ಟರೆ ಮೇಲೆ ಮಾತ್ರ ಹಸಿರು ಉಳಿದು ಕೆಳಗೆಲ್ಲ ಒಣ ಕಡ್ಡಿ ಆಗುತ್ತದೆ. ಅಗಲ ಎಲೆಯ ಸೇಂಟ್ ಆಗಸ್ಟೀನ್ ಹುಲ್ಲಿಗೆ 6ರಿಂದ 9, ಚಳಿ ಪ್ರದೇಶದ ಟಾಲ್ ಫೆಸ್ಕ್ಯೂ ಹುಲ್ಲಿಗೆ 7ರಿಂದ 10 ಸೆಂಟಿಮೀಟರ್ ಬೇಕು. ಮರದ ನೆರಳಿನಲ್ಲೂ ನೀರು ಕಡಿಮೆಯಾದ ದಿನಗಳಲ್ಲೂ ಆ ಜಾತಿಯ ಮೇಲಿನ ಮಿತಿಯನ್ನೇ ಹಿಡಿಯಿರಿ. ಯಂತ್ರದಲ್ಲಿ ಎತ್ತರ ಬದಲಿಸುವ ಹಿಡಿಕೆಯ ಮೇಲೆ ಕೆತ್ತಿರುವ ಅಂಕಿಗಳನ್ನು ಪೂರ್ತಿ ನಂಬಬೇಡಿ. ಸಿಮೆಂಟಿನ ಸಮನೆಲದ ಮೇಲೆ ಯಂತ್ರವನ್ನು ನಿಲ್ಲಿಸಿ, ವೈರ್ ಕಿತ್ತು, ನೆಲದಿಂದ ಅಲಗಿನವರೆಗೆ ಅಳತೆಪಟ್ಟಿ ಹಿಡಿದು ನೋಡಿ.

ನಿಮ್ಮ ಚಿತ್ರದಲ್ಲಿರುವುದು ಬರ್ಮುಡಾದಂತೆಯೇ ಕಾಣುತ್ತದೆ. ಹದಿನೈದು ದಿನ ಬಿಟ್ಟು ಅದನ್ನು ಒಂದೇ ಸಲಕ್ಕೆ ಅರ್ಧಕ್ಕಿಂತ ಕೆಳಗೆ ಇಳಿಸುತ್ತಿರುವುದರಿಂದ ಹಸಿರು ಎಲೆಯೆಲ್ಲ ಹೋಗಿ, ಬೆಳಕು ಕಾಣದ ಕಾಂಡ ಉಳಿಯುತ್ತದೆ. ಬಿಳಿಚಿಕೊಳ್ಳಲು ಇದು ಇನ್ನೊಂದು ಕಾರಣ. ಎಂಜಿನ್ ಉಸಿರುಕಟ್ಟುವುದಕ್ಕೂ ಇದೇ ಕಾರಣವಿರಬಹುದು, ಏಕೆಂದರೆ ಅಷ್ಟು ಹುಲ್ಲು ಡೆಕ್ಕಿನೊಳಗೆ ಒಮ್ಮೆಗೇ ತುಂಬಿಕೊಳ್ಳುತ್ತದೆ. ಈಗ ಬೆಳೆದಿರುವುದನ್ನು ಯಂತ್ರದ ಅತಿ ಎತ್ತರದ ಹಂತದಲ್ಲಿ ಒಮ್ಮೆ ಕತ್ತರಿಸಿ, ಮೂರು ನಾಲ್ಕು ದಿನ ಬಿಟ್ಟು ಒಂದು ಹಂತ ಇಳಿಸಿ, ಬೇಕಾದರೆ ಇನ್ನೊಮ್ಮೆ ಹಾಗೆಯೇ ಮಾಡಿ. ಆಮೇಲೆ ಹುಲ್ಲು ಹುರುಪಾಗಿ ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ, ಮಂದವಾಗಿರುವಾಗ ಅಪರೂಪಕ್ಕೆ, ಹೀಗೆ ಕ್ಯಾಲೆಂಡರನ್ನು ಬಿಟ್ಟು ಹುಲ್ಲನ್ನು ನೋಡಿ ಕತ್ತರಿಸಿ. ವಾರಕ್ಕೊಮ್ಮೆ ಎಂದ ಕೂಡಲೇ ಕೆಲಸ ದುಪ್ಪಟ್ಟಾಯಿತು ಎಂದುಕೊಳ್ಳಬೇಡಿ. ಕಡಿಮೆ ಎತ್ತರದ ಹುಲ್ಲಿನಲ್ಲಿ ಯಂತ್ರ ತಾನಾಗಿ ಉರುಳಿಹೋಗುತ್ತದೆ, ಬಾಚಿ ಎತ್ತುವ ಕೆಲಸವೂ ಇರುವುದಿಲ್ಲ.

ಬಾಚುವ ಮಾತು ಬಂದದ್ದರಿಂದ ಹೇಳುತ್ತೇನೆ: ಯಂತ್ರದ ಹಿಂಬದಿಯಲ್ಲಿ ಹುಲ್ಲಿನ ಚೂರು ಹಿಡಿಯುವ ಚೀಲವನ್ನು ಕಳಚಿಡಿ. ಮೂರನೆಯ ಒಂದು ಭಾಗದ ನಿಯಮದಲ್ಲಿ ಕತ್ತರಿಸಿದ ಚೂರುಗಳು ಸಣ್ಣವಾಗಿರುತ್ತವೆ, ಗರಿಗಳ ನಡುವೆ ಇಳಿದು ಕೆಲವೇ ದಿನದಲ್ಲಿ ಕೊಳೆತು ಮಣ್ಣಿಗೆ ಸೇರುತ್ತವೆ. ಹುಲ್ಲಿಗೆ ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಸುಮಾರು ಕಾಲುಭಾಗದಷ್ಟನ್ನು ಈ ಚೂರುಗಳೇ ಹಿಂತಿರುಗಿಸಬಲ್ಲವು. ಇದರಿಂದ ಬುಡದಲ್ಲಿ ಥ್ಯಾಚ್, ಅಂದರೆ ಕೊಳೆಯದ ಕಸದ ಒತ್ತಾದ ಪದರ, ಕಟ್ಟುತ್ತದೆ ಎಂಬ ಭಯ ಹಲವರಿಗಿದೆ. ಥ್ಯಾಚ್ ಕಟ್ಟುವುದು ಬೇಗ ಕೊಳೆಯದ ಕಾಂಡ ಮತ್ತು ಬೇರುಗಳಿಂದ. ಎಲೆಯ ಚೂರಿನಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದೆ. ಗುಡ್ಡೆಗುಡ್ಡೆಯಾಗಿ ಬಿದ್ದಾಗ, ಹುಲ್ಲಿಗೆ ರೋಗ ತಗುಲಿದ್ದಾಗ, ಅಥವಾ ಕಳೆ ಬೀಜ ಕಟ್ಟಿರುವಾಗ ಮಾತ್ರ ಚೀಲ ಹಾಕಿ. ಗೊಬ್ಬರವನ್ನೂ ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡಿ. ಒಮ್ಮೆಗೇ ಹೆಚ್ಚು ಸಾರಜನಕ ಕೊಟ್ಟರೆ ಬೇರಿಗಿಂತ ಎಲೆಯೇ ಭರಾಟೆಯಿಂದ ಬಂದು, ನೂಕುವ ಕೆಲಸವನ್ನು ನೀವೇ ಕೊಂಡು ತಂದಂತಾಗುತ್ತದೆ.

ನಡೆಯುವ ಕ್ರಮದಲ್ಲಿಯೂ ಸ್ವಲ್ಪ ಶ್ರಮ ಉಳಿಯುತ್ತದೆ. ಮೊದಲು ಅಂಚಿನ ಗುಂಟ ಎರಡು ಸುತ್ತು ಹಾಕಿಕೊಂಡರೆ ತಿರುಗಿಸಲು ಜಾಗ ಸಿಗುತ್ತದೆ. ಆಮೇಲೆ ಉದ್ದನೆಯ ಬದಿಗೆ ಸಮನಾಗಿ ಪಟ್ಟೆಗಳನ್ನು ಎಳೆಯಿರಿ, ಪ್ರತಿ ಪಟ್ಟೆಯೂ ಹಿಂದಿನದರ ಮೇಲೆ ನಾಲ್ಕು ಬೆರಳಿನಷ್ಟು ಹಾಯಲಿ. ಮುಂದಿನ ಸಲ ದಿಕ್ಕು ಬದಲಿಸಿ, ಇಲ್ಲವಾದರೆ ಹುಲ್ಲು ಒಂದೇ ಕಡೆಗೆ ಒರಗುತ್ತದೆ, ಚಕ್ರದ ಜಾಡೂ ಬೀಳುತ್ತದೆ. ಒದ್ದೆ ಹುಲ್ಲಿನಲ್ಲಿ ಹೋಗಬೇಡಿ. ನಿಮ್ಮ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡದೆ ಅಡ್ಡಲಾಗಿ ನಡೆಯಿರಿ. ಕಾಲು ಜಾರಿದರೂ ಯಂತ್ರ ಮೈಮೇಲೆ ಬರುವುದಿಲ್ಲ, ಪಾದವೂ ಬ್ಲೇಡಿನ ಕಡೆಗೆ ಹೋಗುವುದಿಲ್ಲ. ಉಬ್ಬಿರುವ ಜಾಗದಲ್ಲಿ ನೆಲ ಬೋಳಾಗುತ್ತಿದ್ದರೆ ಅದು ಯಂತ್ರದ ದೋಷವಲ್ಲ. ಸುತ್ತಲಿನ ತಗ್ಗಿಗೆ ಸಲಕ್ಕೆ ಒಂದು ಸೆಂಟಿಮೀಟರ್ ಮೀರದಂತೆ ಜರಡಿ ಹಿಡಿದ ಮಣ್ಣು ಹಾಕಿ, ಹುಲ್ಲಿನ ತುದಿ ಮೇಲೆ ಕಾಣುವಂತೆ ಹರಡುತ್ತ ಬನ್ನಿ.

ನಿಮ್ಮ ಚಿತ್ರದಲ್ಲಿ ಲಾನಿನ ನಡುವೆ ಕಾಣುವ ಐದು ಗಿಡಗಳೇ ನಿಮ್ಮ ಸಮಯವನ್ನು ಹೆಚ್ಚು ತಿನ್ನುತ್ತಿರಬೇಕು. ಪ್ರತಿ ಬುಡದ ಸುತ್ತ ಎರಡಡಿಯಷ್ಟು ಹುಲ್ಲು ತೆಗೆದು ಒಣಎಲೆಯ ಮುಚ್ಚಿಗೆ ಹಾಕಿದರೆ ಯಂತ್ರ ನಿಲ್ಲದೆ ಸುತ್ತಿ ಹೋಗುತ್ತದೆ, ಟ್ರಿಮ್ಮರಿನ ದಾರದಿಂದ ತೊಗಟೆ ಸೀಳಿ ಗಿಡ ಸಾಯುವುದೂ ತಪ್ಪುತ್ತದೆ.

ಇಷ್ಟಾದ ಮೇಲೂ ಎಂಜಿನ್ ನಿಂತರೆ ಏರ್ ಫಿಲ್ಟರನ್ನು ತೆಗೆದು ನೋಡಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಬದಲಿಸಿ, ಆಯಿಲ್ ಮಟ್ಟವನ್ನು ಪರೀಕ್ಷಿಸಿ. ಆಗಲೂ ಹೊಸದೇ ಬೇಕೆನಿಸಿದರೆ ಎಂಜಿನ್ನಿನ ಶಕ್ತಿಗಿಂತ ಕತ್ತರಿಸುವ ಅಗಲಕ್ಕೆ ಬೆಲೆ ಕೊಡಿ, ಏಕೆಂದರೆ ನಡೆಯುವ ದೂರವನ್ನು ಕಡಿಮೆ ಮಾಡುವುದು ಅದೇ. ಕೊಳ್ಳಲು ಹೊರಡುವ ಮುನ್ನ ಹಿತ್ತಿಲ ಬಾಗಿಲಿನ ಅಗಲವನ್ನೊಮ್ಮೆ ಅಳೆದುಕೊಂಡು ಹೋಗಿ.